ತೂಕದ ಸಾಹೇಬ, ಬೀಳಗಿ

ವರ್ಷಕ್ಕೊಮ್ಮೆ ಬೀಳಗಿಗೆ ಬರುತ್ತೇನೆ,
ತೂಕ ಮತ್ತು ಅಳತೆ ಇಲಾಖೆಯ ಕಬ್ಬಿಣದ ಪೆಟ್ಟಿಗೆ ಹೊತ್ತು.
ಒಳಗೆ, ಮಕಮಲ್ಲಿನ ಗುಣಿಗಳಲ್ಲಿ
ಹಿತ್ತಾಳೆಯ ಬಟ್ಟುಗಳು ಮಲಗಿವೆ
ಗ್ರಾಮಿನಿಂದ ಐದು ಕಿಲೋವರೆಗೆ, ಒಂದೇ ತಾಯಿಯ ಮಕ್ಕಳಂತೆ.
ಅವಕ್ಕೆ ಬೆವರು ತಾಗಬಾರದು.
ಅದಕ್ಕೇ ಎಲ್ಲರ ಪಾಲಿಂದೂ ನಾನೇ ಬೆವರುತ್ತೇನೆ.

ಮೇ ತಿಂಗಳು. ಹನ್ನೊಂದಕ್ಕೇ ಡಾಂಬರು
ಚಪ್ಪಲಿ ಹಿಡಿದೆಳೆದು ಎಲ್ಲಿಗೆ ಅನ್ನುತ್ತದೆ.
ಕೆಂಪು ಧೂಳು ಯಾರನ್ನೂ ಕೇಳದೆ
ರಸೀದಿ ಪುಸ್ತಕದಲ್ಲಿ ನನಗಿಂತ ಮೊದಲೇ ರುಜು ಹಾಕಿರುತ್ತದೆ.

ಊರಲ್ಲಿ ಎಲ್ಲದಕ್ಕೂ ಚಿಗರಿಯ ಹೆಸರು:
ಚಿಗರಿ ಟೀ ಸ್ಟಾಲು, ಚಿಗರಿ ಹೇರ್ ಕಟಿಂಗು,
ನಾನಿಳಿದದ್ದು ಚಿಂಕಾರ ಲಾಡ್ಜು.
ಅದರ ಗೋಡೆಯ ಮೇಲೆ ಮಾತ್ರ
ಕೊಂಬು ಹನ್ನೆರಡು ಕವಲೊಡೆದ, ಹಿಮದಲ್ಲಿ ನಿಂತ
ಯಾವುದೋ ಪರದೇಶದ ಪ್ರಾಣಿ.
ಪೇಂಟರಿಗೆ ಸಿಕ್ಕದ್ದು ಹಳೇ ಕ್ಯಾಲೆಂಡರಂತೆ.
ನೀವು ನೋಡಿದ್ದೀರಾ ಚಿಗರಿ? ಗುರುಬಸವ್ವನನ್ನು ಕೇಳಿದೆ.
"ನಾ ಎಲ್ಲಿ ನೋಡ್ಲಿರಿ, ಚಾದರ ಒಗ್ಯೂದ್ರಾಗ ಹೊತ್ತು ಮುಳಗತೈತಿ.
ಬಂದ್ರ ರೂಮ್ ಕೊಡ್ತೀನಿ, ಆಧಾರ್ ಕಾರ್ಡ್ ಇರಬೇಕು."

ಕಾಯಿಪಲ್ಲೆ ಬಜಾರದಲ್ಲಿ ಮಲಕವ್ವನ ತಕ್ಕಡಿ ಹಿಡಿದೆ.
ಇಪ್ಪತ್ತು ಗ್ರಾಂ ಫರಕು.
ಪರಡಿ ಅದಲುಬದಲು ಮಾಡಿ ಮತ್ತೆ ತೂಗಿದೆ,
ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ.
ಹೆಚ್ಚು ಹೋಗುತ್ತಿತ್ತು, ಗಿರಾಕಿಯ ಕಡೆಗೆ.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಮುಳ್ಳು ಈ ದಿಕ್ಕಿಗೆ ವಾಲಿದ್ದು ಕಂಡಿರಲಿಲ್ಲ.
"ಗೊತ್ತೈತ್ರಿ," ಅಂದಳು, ಬದನೆಕಾಯಿಗೆ ನೀರು ಚಿಮುಕಿಸುತ್ತ,
"ಈ ಬಿಸಲಾಗ ಮನಿ ಮುಟ್ಟೂದ್ರಾಗ ಒಣಗಿ ಸರಿ ಆಕ್ಕೈತಿ."
ಕಾಯಿದೆಯಲ್ಲಿ ಇದಕ್ಕೆ ಕಲಮು ಇಲ್ಲ.
ದಂಡ ಹಾಕಲಿಲ್ಲ, ಶೀಲೂ ಒತ್ತಲಿಲ್ಲ,
ಎದ್ದು ಬಂದೆ.

ನಾಲ್ಕಕ್ಕೆ ದಾವಲಸಾಬ, ಅರಣ್ಯ ಇಲಾಖೆಯ ವಾಚರು.
ಅವನ ಗಾಡಿಗೆ ಹಿಂದಿನ ಸೀಟಿಲ್ಲ, ಗೋಣಿಚೀಲ ಮಡಚಿ ಕಟ್ಟಿದ್ದ.
ಯಡಹಳ್ಳಿ ಗುಡ್ಡ.
ಕಾಡು ಅಂದರೆ ನೆರಳು ಅಂದುಕೊಂಡಿದ್ದವನು ನಾನು.
ಇಲ್ಲಿ ಮೊಣಕಾಲುದ್ದದ ಕಾರೆ, ಬಾರಿಕಂಟಿ,
ಯಾರೋ ಎಣಿಸುತ್ತ ಎಣಿಸುತ್ತ ಅರ್ಧಕ್ಕೆ ಬಿಟ್ಟೆದ್ದು ಹೋದಷ್ಟು ಕಲ್ಲು.
ದೂರದಲ್ಲಿ ಕೃಷ್ಣೆಯ ಹಿನ್ನೀರು, ಹೊಸ ತಗಡಿನ ಹಾಗೆ.
"ನಾ ಸಾಲಿ ಕಲ್ತದ್ದು ಅದರ ಬುಡಕ," ಅಂದ ಗದ್ದ ಚಾಚಿ.
ಎಷ್ಟನೇ ಇಯತ್ತೆವರೆಗೆ ಎಂದು ಕೇಳಲಿಲ್ಲ.

"ನೀರ ಕುಡ್ಯೂದಿಲ್ರಿ ಅವು, ಎಲಿಯೊಳಗಿನ ಹಸಿ ಸಾಕು.
ಸರಕಾರ ಸಿಮೆಂಟಿನ ತೊಟ್ಟಿ ಕಟ್ಸೇತಿ. ದಿನಾ ತುಂಬಸ್ತೀನಿ.
ಜೇನ್ನೊಣ ಕುಡಿತಾವು.
ಬಿಲ್ಲು ಚಿಗರಿ ಹೆಸರಲೆ."

ಕಂಟಿಯ ಬುಡದಲ್ಲಿ ಹಿಕ್ಕೆಯ ಗುಡ್ಡೆ.
ನಾಲ್ಕು ಕಾಳು ಆರಿಸಿ ನನ್ನ ಅಂಗೈಗಿಟ್ಟ: "ಮುಂಜಾನಿಂದು."
ಕೈ ತಾನಾಗಿ ಮೇಲೆ ಕೆಳಗೆ ಆಡಿತು,
ಒಂದೂವರೆ ಗ್ರಾಂ, ಇರಬಹುದು.
ಅವನು ನಗಲಿಲ್ಲ. ತಾನೂ ಒಮ್ಮೆ ತೂಗಿ ನೋಡಿ
ಎರಡು ಅಂದ.

ಕೂತೆವು. ಕಲ್ಲು ಕಾದಿತ್ತು, ಪ್ಯಾಂಟಿನೊಳಗಿಂದ ಹತ್ತಿತು.
ಗೌಜಲಕ್ಕಿಯೊಂದು ಯಾರದೋ ಮೇಲೆ ದೂರು ಹೇಳಿ ಸುಮ್ಮನಾಯಿತು.
ಸೂರ್ಯ ಇಳಿಯುತ್ತ ಇಳಿಯುತ್ತ
ಗುಡ್ಡದ ನೆತ್ತಿಗೆ ಬಂದು ಅಲ್ಲೇ ನಿಂತ,
ಬಟ್ಟು ಇಟ್ಟ ಮೇಲೂ ಮುಳ್ಳು ಅಲುಗದ ಹಾಗೆ.

ಆಗ ಕೇಳಿಸಿತು
ಒಂದು ಸೀನು.
ಸಣ್ಣದು, ಒಣದು, ಮೂಗು ತುಂಬ ಕೆಂಪು ಧೂಳಿದ್ದವರದು.
ದಾವಲಸಾಬ ನನ್ನತ್ತ ತಿರುಗಿದ: "ನೀವ?"
ಅಲ್ಲ.
"ನಾನೂ ಅಲ್ಲ."
ಮುಂದೆ ಕಂಟಿಯಲ್ಲಿ ಒಂದೇ ಒಂದು ಟೊಂಗೆ
ಗಾಳಿಯಿಲ್ಲದೆ ಅಲ್ಲಾಡಿ
ಸಮಕ್ಕೆ ಬಂತು.

ಈಗ ಬಾಗಲಕೋಟೆಯ ಆಫೀಸಿನಲ್ಲಿ ವರದಿ ಬರೆಯುತ್ತಿದ್ದೇನೆ:
ಬೀಳಗಿ. ಪರೀಕ್ಷಿಸಿದ ತಕ್ಕಡಿ ನೂರಾ ಹದಿನಾಲ್ಕು.
ಸರಿಯಿದ್ದದ್ದು ನೂರಾ ಒಂಬತ್ತು.
ದಂಡ ನಾಲ್ಕಕ್ಕೆ.
ಮೊತ್ತ ಕೂಡುತ್ತಿಲ್ಲ, ಒಂದು ಎಲ್ಲೋ ಹೊರಗುಳಿದಿದೆ.
ಮೇಲಿನವರು ಕೇಳಿದರೆ
ಎಣಿಸುವಾಗ ಸೀನು ಬಂತು ಅನ್ನುತ್ತೇನೆ.